ಹಿಂದಿನ ಚಕ್ರದ ಒಳಗಿನ ಪ್ಯಾಡೇ ಮೊದಲು ಸವೆಯುವುದೇಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರಗಳ ಡಿಸ್ಕ್ ಬ್ರೇಕಿಗೆ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಎರಡೂ ಬದಿಯಿಂದ ಪ್ಯಾಡ್‌ಗಳು ಒತ್ತಿ ಹಿಡಿಯುವ ಬ್ರೇಕಿಗೆ) ಸಂಬಂಧಿಸಿದವೇ ಆಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಮೊದಲ ಪತ್ರಕ್ಕೆ ಕೊಟ್ಟ ಉತ್ತರ ಉದ್ದವಾಗಿದೆ. ಉಳಿದ ಉತ್ತರಗಳು ಬಹುಮಟ್ಟಿಗೆ ಅದನ್ನೇ ಆಧರಿಸಿರುವುದರಿಂದ ಅದನ್ನು ಮೊದಲು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನನ್ನ ಕಾರಿನ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆ. ಹಿಂದಿನ ಬಲಚಕ್ರದಿಂದ ಕಬ್ಬಿಣ ಉಜ್ಜಿದಂಥ ಶಬ್ದ ಬರತೊಡಗಿದ್ದರಿಂದ ಬಿಚ್ಚಿಸಿ ನೋಡಿದೆ. ಒಳಬದಿಯ ಪ್ಯಾಡ್ ಬೆನ್ನಿನ ಲೋಹದ ತಗಡಿನವರೆಗೂ ಸವೆದಿತ್ತು. ಹೊರಬದಿಯದರಲ್ಲಿ ಇನ್ನೂ 6 ಮಿ.ಮೀ. ಉಳಿದಿತ್ತು. ಎಡಚಕ್ರದ ಎರಡೂ ಪ್ಯಾಡ್‌ಗಳು ಹೆಚ್ಚುಕಡಿಮೆ ಸಮವಾಗಿದ್ದವು. ಹೊಸ ಪ್ಯಾಡ್ ಹಾಕಿಸಿ 14 ತಿಂಗಳಷ್ಟೇ ಆಗಿದೆ. ಪ್ಯಾಡ್ ಕಳಪೆಯದು, ಬೇರೆ ಕಂಪನಿಯದನ್ನು ಹಾಕಿಸಿ ಎಂಬ ಸಲಹೆ ಸಿಕ್ಕಿದೆ. ಅದು ಸರಿಯೇ?

ಉತ್ತರ: ಪ್ಯಾಡ್ ಕಳಪೆಯದಾಗಿದ್ದರೆ ನಾಲ್ಕೂ ಬೇಗ ಸವೆಯಬೇಕಿತ್ತು. ಒಂದೇ ಪೆಟ್ಟಿಗೆಯಿಂದ ಬಂದ ನಾಲ್ಕರಲ್ಲಿ ಮೂರು ಚೆನ್ನಾಗಿದ್ದು ಒಂದು ಮಾತ್ರ ತಳ ಕಂಡಿದೆಯೆಂದರೆ ದೋಷವಿರುವುದು ಅದು ಕುಳಿತಿದ್ದ ಜಾಗದಲ್ಲಿ. ಕಾರಣ ಹುಡುಕದೆ ಬೇರೆ ಪ್ಯಾಡ್ ಕೂರಿಸಿದರೆ ಅದಕ್ಕೂ ಇದೇ ಗತಿಯಾಗುತ್ತದೆ. ಬಿಚ್ಚಿದ ಹಳೆಯ ಪ್ಯಾಡ್‌ಗಳು ಇನ್ನೂ ನಿಮ್ಮ ಬಳಿ ಇದ್ದರೆ ದಯವಿಟ್ಟು ಎಸೆಯಬೇಡಿ. ಎಡ, ಬಲ, ಒಳ, ಹೊರ ಎಂದು ಪ್ರತಿಯೊಂದರ ಬೆನ್ನಿನ ಮೇಲೂ ಬರೆದಿಟ್ಟು, ಪ್ರತಿ ಪ್ಯಾಡಿನ ಎರಡೂ ತುದಿಗಳಲ್ಲಿ ಉಳಿದಿರುವ ದಪ್ಪವನ್ನು ಅಳೆದು ಗುರುತು ಹಾಕಿಕೊಳ್ಳಿ. ನಾಲ್ಕು ಪ್ಯಾಡ್‌ಗಳಿಗೆ ಎಂಟು ಅಳತೆಗಳಾಗುತ್ತವೆ. ಬಿಚ್ಚುವವರ ಅನುಭವ ಎಷ್ಟೇ ಇರಲಿ, ಈ ಎಂಟು ಅಂಕಿಗಳು ಹೇಳುವಷ್ಟನ್ನು ಬರಿಯ ಕಣ್ಣಂದಾಜು ಹೇಳಲಾರದು.

ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಯಂಥ ಭಾಗವೇ ಕ್ಯಾಲಿಪರ್. ಹಿಂದೆ ಡಿಸ್ಕ್ ಬ್ರೇಕ್ ಇರುವ ಹೆಚ್ಚಿನ ಕಾರುಗಳಲ್ಲಿ ಆ ಚಕ್ರಗಳಿಗಿರುವುದು ಜಾರುವ ಕ್ಯಾಲಿಪರ್. ಇದರಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಪೆಡಲ್ ತುಳಿದಾಗ ಬ್ರೇಕ್ ಆಯಿಲಿನ ಒತ್ತಡ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ, ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಡಿಸ್ಕ್ ಪಕ್ಕಕ್ಕೆ ಸರಿಯುವಂಥದ್ದಲ್ಲವಾದ್ದರಿಂದ ಅದೇ ಬಲಕ್ಕೆ ಕ್ಯಾಲಿಪರ್ ತಾನೇ ಎರಡು ಗೈಡ್ ಪಿನ್‌ಗಳ ಮೇಲೆ ಒಳಕ್ಕೆ ಜಾರಿ ಹೊರಗಿನ ಪ್ಯಾಡನ್ನು ಡಿಸ್ಕಿನ ಇನ್ನೊಂದು ಮುಖಕ್ಕೆ ಎಳೆದು ತರುತ್ತದೆ. ಪಿನ್‌ಗಳು ಸಲೀಸಾಗಿ ಜಾರುವವರೆಗೂ ಎರಡೂ ಪ್ಯಾಡ್‌ಗಳ ಮೇಲೆ ಒತ್ತಡ ಸಮನಾಗಿರುತ್ತದೆ, ಸವೆತವೂ ಸಮನಾಗಿರುತ್ತದೆ.

ಇನ್ನು ಪೆಡಲ್ ಬಿಟ್ಟಾಗಿನ ಮಾತು. ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಅಲ್ಲಿ ಸ್ಪ್ರಿಂಗ್ ಇರುವುದಿಲ್ಲವೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಪಿಸ್ಟನ್ನಿನ ಸುತ್ತ ಕುಳಿತ ಚೌಕ ಅಂಚಿನ ರಬ್ಬರ್ ಸೀಲ್, ಪಿಸ್ಟನ್ ಮುಂದೆ ಹೋಗುವಾಗ ಅದರ ಜೊತೆಗೆ ತುಸು ಬಾಗುತ್ತದೆ. ಒತ್ತಡ ಇಳಿದ ಕೂಡಲೇ ತನ್ನ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಹಿಂದಕ್ಕೆ ಕರೆತರುತ್ತದೆ. ಹೀಗೆ ಹಿಂದೆ ಸರಿಯುವ ದೂರ ಒಂದು ಮಿಲಿಮೀಟರಿಗಿಂತ ಬಹಳ ಕಡಿಮೆ, ಕೂದಲೆಳೆಯ ಲೆಕ್ಕದ್ದು. ಅಷ್ಟು ಚಿಕ್ಕ ಬಿಡುವನ್ನು ಒಂದಿಷ್ಟು ತುಕ್ಕು, ಒಂದಿಷ್ಟು ಒಣಗಿದ ಗ್ರೀಸ್ ಅಥವಾ ಪೂರ್ತಿ ಸಡಿಲವಾಗದ ಒಂದು ಕೇಬಲ್ ಸುಲಭವಾಗಿ ನುಂಗಿಬಿಡುತ್ತದೆ. ಓಡುವ ಹೊತ್ತಿನಲ್ಲಿ ನಾವು ಬ್ರೇಕ್ ತುಳಿಯುವುದು ಸ್ವಲ್ಪ ಕಾಲ ಮಾತ್ರ. ಡಿಸ್ಕನ್ನು ಬಿಡದ ಪ್ಯಾಡಾದರೋ ಚಕ್ರ ತಿರುಗಿದಷ್ಟು ಹೊತ್ತೂ ಸವೆಯುತ್ತಲೇ ಇರುತ್ತದೆ. ಆದ್ದರಿಂದ ಅಸಮ ಸವೆತ ಕಂಡಾಗ 'ಬ್ರೇಕ್ ಸರಿಯಾಗಿ ಹಿಡಿಯುತ್ತಿದೆಯೇ' ಎಂದು ಪರೀಕ್ಷಿಸಿ ಸುಮ್ಮನಾಗಬಾರದು. ನಿಮ್ಮ ಕಾರು ಇಷ್ಟು ದಿನ ಚೆನ್ನಾಗಿಯೇ ನಿಲ್ಲುತ್ತಿದ್ದಿರಬೇಕು. ಕೇಳಬೇಕಾದ ಪ್ರಶ್ನೆ ಅದು ಸರಿಯಾಗಿ ಬಿಡುತ್ತಿದೆಯೇ ಎಂಬುದು.

ಒಳಗಿನ ಪ್ಯಾಡ್ ಮಾತ್ರ ಸವೆದಿರುವಾಗ ಅನುಮಾನಿಸಬೇಕಾದ ಜಾಗಗಳು ಮೂರು: ಹ್ಯಾಂಡ್ ಬ್ರೇಕಿನ ಕೇಬಲ್ ಮತ್ತು ಕ್ಯಾಲಿಪರಿನ ಬೆನ್ನಿಗಿರುವ ಅದರ ಲಿವರ್, ಗೈಡ್ ಪಿನ್‌ಗಳು, ಪಿಸ್ಟನ್. ಮುಂದಿನ ಚಕ್ರವಾಗಿದ್ದರೆ ಪಿನ್‌ಗಳಿಂದಲೇ ಆರಂಭಿಸುತ್ತಿದ್ದೆ. ಹಿಂದಿನದಾದ್ದರಿಂದ ಹ್ಯಾಂಡ್ ಬ್ರೇಕನ್ನು ಮೊದಲು ಹೇಳುತ್ತೇನೆ. ಅನೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಎಳೆದಾಗ ಕೇಬಲ್ ಈ ಲಿವರನ್ನು ತಿರುಗಿಸುತ್ತದೆ, ಲಿವರ್ ಒಳಗಿನ ಸ್ಕ್ರೂ ಮೂಲಕ ಅದೇ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಬಿಟ್ಟಾಗ ಲಿವರ್ ತನ್ನ ತಡೆಗೆ ಬಂದು ತಾಗಿ ನಿಲ್ಲಬೇಕು. ಕೇಬಲಿನ ಹೊದಿಕೆಯೊಳಗೆ ನೀರು ಸೇರಿ ತುಕ್ಕು ಹಿಡಿದಿದ್ದರೆ, ಲಿವರಿನ ದಂಡ ಒಣಗಿ ಬಿಗಿಯಾಗಿದ್ದರೆ, ಅಥವಾ ಹ್ಯಾಂಡ್ ಬ್ರೇಕ್ ಮೇಲೆ ಬರುತ್ತಿದೆಯೆಂದು ಯಾರೋ ಕೇಬಲನ್ನು ಅಗತ್ಯಕ್ಕಿಂತ ಹೆಚ್ಚು ಬಿಗಿದಿದ್ದರೆ ಲಿವರ್ ತಡೆಯಿಂದ ತುಸು ದೂರದಲ್ಲೇ ನಿಂತುಬಿಡುತ್ತದೆ. ಆಗ ಪಿಸ್ಟನ್ ಮೇಲೆ ಸದಾ ಒಂದು ಸಣ್ಣ ಒತ್ತಡ ಉಳಿಯುತ್ತದೆ. ಅಷ್ಟು ಸಣ್ಣ ಒತ್ತಡಕ್ಕೆ ಕ್ಯಾಲಿಪರ್ ಪೂರ್ತಿಯಾಗಿ ಜಾರದಿರುವುದರಿಂದ ಉಜ್ಜಾಟದ ಹೆಚ್ಚಿನ ಪಾಲು ಒಳಗಿನ ಪ್ಯಾಡಿಗೇ ಬೀಳುತ್ತದೆ. ಕೆಲವು ಕಾರುಗಳಲ್ಲಿ ಮಾತ್ರ ಹ್ಯಾಂಡ್ ಬ್ರೇಕಿಗೆ ಡಿಸ್ಕಿನ ನಡುವಿನ ಬಟ್ಟಲಿನೊಳಗೆ ಚಿಕ್ಕ ಬ್ರೇಕ್ ಶೂಗಳು ಬೇರೆಯೇ ಇರುತ್ತವೆ. ನಿಮ್ಮ ಕ್ಯಾಲಿಪರಿನ ಹಿಂಬದಿಗೆ ಕೇಬಲ್ ಬಂದು ಸೇರದಿದ್ದರೆ ಈ ಅನುಮಾನವನ್ನು ಬಿಟ್ಟುಬಿಡಬಹುದು.

ಈಗ ಪರೀಕ್ಷೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಟ್ಟು, ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಹ್ಯಾಂಡ್ ಬ್ರೇಕ್ ಬಿಟ್ಟಿರುತ್ತದಾದ್ದರಿಂದ ಅಡ್ಡ ಕೊಡುವುದನ್ನು ಮರೆಯುವಂತಿಲ್ಲ. ಬರಿಯ ಜ್ಯಾಕನ್ನು ನಂಬಿ ಕಾರಿನ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಲೇಬಾರದು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಒಬ್ಬರು ಪೆಡಲನ್ನು ಎರಡು ಮೂರು ಸಲ ಬಲವಾಗಿ ತುಳಿದು ಬಿಡಲಿ, ಹ್ಯಾಂಡ್ ಬ್ರೇಕನ್ನು ಒಮ್ಮೆ ಎಳೆದು ಇಳಿಸಲಿ. ಬಳಿಕ ಎರಡೂ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿ. ಪ್ಯಾಡ್ ಸವರಿದಂಥ ಸಣ್ಣ ಸದ್ದು ಎರಡೂ ಕಡೆ ಇರಬಹುದು, ಅದು ಸಹಜ. ಒಂದು ಚಕ್ರ ಕೈಗೆ ಭಾರವಾಗಿ, ಅರ್ಧ ಸುತ್ತಿಗೇ ನಿಲ್ಲುತ್ತಿದ್ದರೆ ಅಲ್ಲಿ ಬ್ರೇಕ್ ಬಿಟ್ಟಿಲ್ಲ.

ಹಾಗೆ ಬಿಗಿಯಾಗಿರುವ ಸ್ಥಿತಿಯಲ್ಲೇ, ಏನನ್ನೂ ಬಿಚ್ಚದೆ, ಮೊದಲು ಕೇಬಲನ್ನು ಸಡಿಲಿಸಿ ಲಿವರನ್ನು ತಡೆಯವರೆಗೆ ತಳ್ಳಿ. ಚಕ್ರ ಹಗುರಾದರೆ ಕಾರಣ ಸಿಕ್ಕಿತು: ಲಿವರ್ ತಾನಾಗಿಯೇ ಹಿಂದಕ್ಕೆ ಬಂದಿದ್ದರೆ ದೋಷ ಕೇಬಲಿನದು, ನೀವು ತಳ್ಳಬೇಕಾಗಿ ಬಂದಿದ್ದರೆ ಲಿವರಿನದು. ಹಗುರಾಗದಿದ್ದರೆ ಕ್ಯಾಲಿಪರಿನ ಬ್ಲೀಡರ್ ಸ್ಕ್ರೂಗೆ (ಒಳಗಿನ ಆಯಿಲನ್ನೂ ಗಾಳಿಯನ್ನೂ ಹೊರಬಿಡುವ ಸ್ಕ್ರೂ) ಒಂದು ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿಟ್ಟು, ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಹಗುರಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತೆಂದು ಅರ್ಥ. ಅದರ ವಿಚಾರ ಮೂರನೆಯ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿದೆ. ಬ್ಲೀಡರ್ ತೆರೆದ ಮೇಲೂ ಬಿಗಿ ಹಾಗೆಯೇ ಇದ್ದರೆ ಅದು ಲೋಹ ಲೋಹಕ್ಕೆ ಅಂಟಿಕೊಂಡ ಬಿಗಿ, ಅಂದರೆ ಪಿಸ್ಟನ್, ಪಿನ್ ಅಥವಾ ಚೌಕಟ್ಟಿನಲ್ಲಿ ಸಿಕ್ಕಿಕೊಂಡ ಪ್ಯಾಡ್. ಮೊದಲೇ ಕ್ಯಾಲಿಪರ್ ಬಿಚ್ಚಿ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿಬಿಟ್ಟರೆ ಈ ಮೂರು ಸಾಕ್ಷಿಗಳೂ ಒಟ್ಟಿಗೇ ಅಳಿಸಿಹೋಗುತ್ತವೆ. ಪ್ಯಾಡ್ ಬದಲಿಸುವ ಅವಸರದಲ್ಲಿ ಆಗುವ ದೊಡ್ಡ ನಷ್ಟ ಇದೇ ಎಂದು ನನ್ನ ಅಭಿಪ್ರಾಯ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಎಲ್ಲಾದರೂ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆದುಬಿಡಿ.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಬ್ರೇಕ್ ಆಯಿಲ್ ತರುವ ರಬ್ಬರ್ ಹೋಸಿನ ಮೇಲೆ ನೇತುಬಿಡದೆ ತಂತಿಯಿಂದ ಕಟ್ಟಿ. ಪ್ಯಾಡ್‌ಗಳು ತಮ್ಮ ಚೌಕಟ್ಟಿನಲ್ಲಿ ಬೆರಳಿನಿಂದ ತಳ್ಳಿದರೆ ಸರಿಯುವಂತಿರಬೇಕು. ಸ್ಕ್ರೂ ಡ್ರೈವರಿನಿಂದ ಮೀಟಿ ತೆಗೆಯಬೇಕಾಗಿ ಬಂದರೆ, ಪ್ಯಾಡಿನ ಕಿವಿಗಳು ಕೂರುವ ಸ್ಟೀಲ್ ಕ್ಲಿಪ್ಪುಗಳ ಅಡಿಯಲ್ಲಿ ತುಕ್ಕು ಬೆಳೆದು ಕ್ಲಿಪ್ಪನ್ನು ಮೇಲಕ್ಕೆತ್ತಿದೆ ಎಂದು ತಿಳಿಯಿರಿ. ಹೊರನೋಟಕ್ಕೆ ಕ್ಲಿಪ್ ಹೊಳೆಯುತ್ತಲೇ ಇರುತ್ತದೆ. ಅದನ್ನು ಕಿತ್ತಾಗ ಕೆಳಗೆ ಹಪ್ಪಳದಂತೆ ಎದ್ದುನಿಂತ ತುಕ್ಕಿನ ಪದರ ಕಾಣುತ್ತದೆ. ತಂತಿ ಬ್ರಷ್ಷಿನಿಂದಲೋ ಅರದಿಂದಲೋ ಅದನ್ನು ಲೋಹ ಕಾಣುವವರೆಗೆ ತೆಗೆದು ಹೊಸ ಕ್ಲಿಪ್ ಹಾಕಬೇಕು. ಪ್ಯಾಡಿನ ಕಿವಿಯನ್ನೇ ಅರದಿಂದ ಉಜ್ಜಿ ಸಣ್ಣದು ಮಾಡಿ ಕೂರಿಸುವುದು ಸರಿಯಾದ ದಾರಿಯಲ್ಲ.

ಪಿನ್‌ಗಳ ಬಗ್ಗೆ ನಾನೇ ಕಂಡದ್ದನ್ನು ಹೇಳುತ್ತೇನೆ. ನಿಮ್ಮದರಂಥದೇ ದೂರಿದ್ದ ಕಾರೊಂದರಲ್ಲಿ ಮೇಲಿನ ಪಿನ್ ಎರಡು ಬೆರಳಿಗೇ ಹೊರಬಂತು. ಕೆಳಗಿನದು ಕೈಗೆ ಜಗ್ಗಲಿಲ್ಲ. ಇಕ್ಕಳದಿಂದ ಹಿಡಿದು ಆಚೆ ಈಚೆ ತಿರುಗಿಸುತ್ತಾ ಎಳೆದಾಗ ಕಿರ್ರೆಂದು ಬಿಟ್ಟುಕೊಂಡಿತು. ಅದರ ಅರ್ಧ ಭಾಗ ಹೊಸದರಂತೆ ಹೊಳೆಯುತ್ತಿತ್ತು, ಉಳಿದರ್ಧಕ್ಕೆ ಒಣಗಿ ಮೇಣದಂತಾದ ಕಂದು ಗ್ರೀಸ್ ಮೆತ್ತಿಕೊಂಡಿತ್ತು. ಅದರ ರಬ್ಬರ್ ಬೂಟಿನಲ್ಲಿ, ಅಂದರೆ ನೀರು ಧೂಳು ತಡೆಯುವ ಹೊದಿಕೆಯಲ್ಲಿ, ಉಗುರಿನಷ್ಟು ಅಗಲದ ಸೀಳೊಂದಿತ್ತು. ಬೂಟನ್ನು ಹಿಂಡಿದಾಗ ಒಳಗಿನಿಂದ ಎರಡು ಹನಿ ತುಕ್ಕು ನೀರು ಕೈಗೆ ಬಿತ್ತು. ಅಷ್ಟು ಸಣ್ಣ ಸೀಳು ಒಂದು ಪ್ಯಾಡನ್ನು ಪೂರ್ತಿ ತಿಂದುಹಾಕಿತ್ತು. ಪಿನ್ ಮತ್ತು ಅದು ಕೂರುವ ರಂಧ್ರ ಎರಡನ್ನೂ ಶುಚಿಮಾಡಿ, ಹರಿದ ಬೂಟನ್ನು ಬದಲಿಸಿ, ಬ್ರೇಕಿಗೆಂದೇ ತಯಾರಾದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಬೇಕು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಖನಿಜ ತೈಲದ್ದು. ಅದು ಈ ರಬ್ಬರನ್ನು ಉಬ್ಬಿಸಿ ಮತ್ತಷ್ಟು ಬಿಗಿಮಾಡುತ್ತದೆ. ಒಳ್ಳೆಯ ಗ್ರೀಸನ್ನೇ ರಂಧ್ರದ ತುಂಬ ತುರುಕುವುದೂ ತಪ್ಪು. ಒಳಗೆ ಸಿಕ್ಕಿದ ಗಾಳಿ ಪಿನ್ನನ್ನು ಸ್ಪ್ರಿಂಗಿನಂತೆ ಹೊರಕ್ಕೆ ನೂಕುತ್ತಿರುತ್ತದೆ. ಎರಡು ಪಿನ್‌ಗಳಲ್ಲಿ ಒಂದರ ತುದಿಗೆ ಮಾತ್ರ ರಬ್ಬರ್ ತೋಳಿದ್ದರೆ ಅದು ಮೇಲಿನದೋ ಕೆಳಗಿನದೋ ಎಂದು ಬಿಚ್ಚುವಾಗಲೇ ಗುರುತಿಟ್ಟುಕೊಳ್ಳಿ. ಅದಲು ಬದಲಾದರೆ ಚೆನ್ನಾಗಿದ್ದ ಕ್ಯಾಲಿಪರ್ ಕೂಡ ಕೆಲವೇ ತಿಂಗಳಲ್ಲಿ ಜಾಮ್ ಆಗಬಹುದು.

ಕೊನೆಗೆ ಪಿಸ್ಟನ್. ಅದರ ಮುಖದ ಸುತ್ತಲಿನ ಬೂಟ್ ಹರಿದಿದ್ದು, ಪಿಸ್ಟನ್ನಿನ ಮೈಮೇಲೆ ತುಕ್ಕಿನ ಉಂಗುರ ಕಂಡರೆ, ಅಥವಾ ಎಡಗಡೆಯದಕ್ಕಿಂತ ಇದನ್ನು ಹಿಂದಕ್ಕೆ ತಿರುಗಿಸಲು ಬಹಳ ಹೆಚ್ಚು ಬಲ ಬೇಕಾದರೆ ಸೀಲ್ ಬದಲಿಸಿ ಕ್ಯಾಲಿಪರನ್ನು ಪುನಃ ಜೋಡಿಸಬೇಕು, ಇಲ್ಲವೇ ಕ್ಯಾಲಿಪರನ್ನೇ ಬದಲಿಸಬೇಕು. ತುಕ್ಕು ಹಿಡಿದ ಪಿಸ್ಟನ್ನನ್ನು ಮರಳು ಕಾಗದದಿಂದ ಉಜ್ಜಿ ಮತ್ತೆ ಹಾಕುವುದನ್ನು ನಾನು ಯಾರಿಗೂ ಹೇಳಲಾರೆ. ಮೇಲಿನ ಲೇಪ ಹೋದ ಮೇಲೆ ತುಕ್ಕು ಮೊದಲಿಗಿಂತ ಬೇಗ ಮರಳುತ್ತದೆ.

ನಿಮ್ಮ ವಿವರಣೆಯಿಂದ ಹೇಳುವುದಾದರೆ ನನ್ನ ಮೊದಲ ಅನುಮಾನ ಬಲಗಡೆಯ ಲಿವರ್ ಮತ್ತು ಕೇಬಲಿನ ಮೇಲೆ, ಎರಡನೆಯದು ಗೈಡ್ ಪಿನ್ನಿನ ಮೇಲೆ. ದುರಸ್ತಿಯ ಜೊತೆಗೆ ಬಲಚಕ್ರದ ಡಿಸ್ಕಿನ ಒಳಮುಖವನ್ನು ನೋಡುವುದನ್ನು ಮರೆಯಬೇಡಿ. ಹೊರಗಿನಿಂದ ಕಾಣುವ ಮುಖ ಕನ್ನಡಿಯಂತಿದ್ದರೂ ತಗಡು ಉಜ್ಜಿದ ಒಳಮುಖದಲ್ಲಿ ಆಳವಾದ ಗೀರುಗಳಿರುತ್ತವೆ. ಡಿಸ್ಕಿನ ಅಂಚಿನಲ್ಲೋ ಬಟ್ಟಲಿನ ಮೇಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಅಳತೆ ಅದಕ್ಕಿಂತ ಕಡಿಮೆಯಾಗಿದ್ದರೆ ಎರಡೂ ಬದಿಯ ಡಿಸ್ಕ್‌ಗಳನ್ನು ಒಟ್ಟಿಗೆ ಬದಲಿಸಬೇಕು. ಪ್ಯಾಡ್‌ಗಳನ್ನೂ ಅಷ್ಟೇ, ಒಂದು ಚಕ್ರಕ್ಕೆ ಮಾತ್ರ ಹೊಸದು ಹಾಕುವಂತಿಲ್ಲ. ಕೆಲಸ ಮುಗಿದ ಮೇಲೆ ಪೆಡಲನ್ನು ಗಟ್ಟಿಯಾಗುವವರೆಗೆ ಕೆಲವು ಸಲ ತುಳಿದು, ಬ್ರೇಕ್ ಆಯಿಲಿನ ಮಟ್ಟ ನೋಡಿ, ಆಮೇಲಷ್ಟೇ ಕಾರನ್ನು ಹೊರಡಿಸಬೇಕು. 10–15 ಕಿ.ಮೀ. ದೂರವನ್ನು ಆದಷ್ಟು ಬ್ರೇಕ್ ತುಳಿಯದೆ ಓಡಿಸಿ ನಿಲ್ಲಿಸಿ, ಎರಡೂ ಹಿಂದಿನ ಚಕ್ರಗಳ ಬಿಸಿಯನ್ನು ಹೋಲಿಸಿ ನೋಡಿ. ತಾಗದೆ ಬಿಸಿ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಂಗೈಯನ್ನು ಚಕ್ರದ ಹತ್ತಿರ ಹಿಡಿದರೂ ವ್ಯತ್ಯಾಸ ತಿಳಿಯುತ್ತದೆ. ಡಿಸ್ಕನ್ನು ಮಾತ್ರ ಮುಟ್ಟಬೇಡಿ.

ಪ್ರಶ್ನೆ: ನನ್ನ ಕಾರಿನ ಹಿಂದಿನ ಪ್ಯಾಡ್ ಒಂದು ತುದಿಯಲ್ಲಿ 7 ಮಿ.ಮೀ., ಇನ್ನೊಂದು ತುದಿಯಲ್ಲಿ 3 ಮಿ.ಮೀ. ಇದೆ. ಓರೆಯಾಗಿ ಹೀಗೆ ಸವೆಯುವುದು ಸಹಜವೇ?

ಉತ್ತರ: ತುಸು ಓರೆ ಸಹಜ. ತಿರುಗುವ ಡಿಸ್ಕ್ ಪ್ಯಾಡಿನೊಳಕ್ಕೆ ಪ್ರವೇಶಿಸುವ ಅಂಚನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ ಆ ಅಂಚು ಸ್ವಲ್ಪ ಹೆಚ್ಚು ಸವೆಯುತ್ತದೆ. ಎರಡೂ ಬದಿಗಳಲ್ಲಿ ಹಲವು ಪಿಸ್ಟನ್‌ಗಳಿರುವ ದುಬಾರಿ ಕ್ಯಾಲಿಪರುಗಳಲ್ಲಿ ಇದನ್ನು ಸರಿದೂಗಿಸಲೆಂದೇ ಆ ಅಂಚಿನ ಕಡೆಗೆ ಚಿಕ್ಕ ಪಿಸ್ಟನ್ ಇಡುವುದುಂಟು. ಆದರೆ 4 ಮಿ.ಮೀ. ವ್ಯತ್ಯಾಸ ಸಹಜದ ಮಿತಿಯೊಳಗಿಲ್ಲ. ಎರಡು ಗೈಡ್ ಪಿನ್‌ಗಳಲ್ಲಿ ಒಂದು ಮಾತ್ರ ಹಿಡಿದುಕೊಂಡಿದ್ದರೆ ಕ್ಯಾಲಿಪರ್ ನೇರವಾಗಿ ಜಾರದೆ ಒಂದು ತುದಿಯಿಂದ ತಿರುಚಿಕೊಂಡು ಒತ್ತುತ್ತದೆ. ಪ್ಯಾಡಿನ ಒಂದು ಕಿವಿ ಮಾತ್ರ ತುಕ್ಕಿನಲ್ಲಿ ಸಿಕ್ಕಿಕೊಂಡಿದ್ದರೂ ಪರಿಣಾಮ ಇದೇ.

ಓರೆ ಸವೆತ ಒಳಗಿನ ಪ್ಯಾಡಿನಲ್ಲಿದ್ದರೆ ಇನ್ನೊಂದನ್ನು ತಪ್ಪದೆ ನೋಡಬೇಕು. ತಿರುಗಿಸಿ ಹಿಂದಕ್ಕೆ ಕಳಿಸುವಂಥ ಪಿಸ್ಟನ್ನಿನ ಮುಖದಲ್ಲಿ ಅಡ್ಡಲಾಗಿಯೋ ಕೂಡಿಸುವ ಚಿಹ್ನೆಯ ಆಕಾರದಲ್ಲೋ ಕಚ್ಚುಗಳಿರುತ್ತವೆ. ಅನೇಕ ಮಾದರಿಗಳಲ್ಲಿ ಒಳಗಿನ ಪ್ಯಾಡಿನ ತಗಡಿನ ಬೆನ್ನಿಗೆ ಕಡಲೆ ಬೇಳೆಯಷ್ಟು ದೊಡ್ಡ ಉಬ್ಬೊಂದು ಇರುತ್ತದೆ. ಆ ಉಬ್ಬು ಈ ಕಚ್ಚಿನೊಳಗೆ ಕೂರಬೇಕು. ಪಿಸ್ಟನ್ನನ್ನು ಎಷ್ಟು ಬೇಕೋ ಅಷ್ಟು ತಿರುಗಿಸಿ, ಕಚ್ಚು ಎತ್ತ ನಿಂತಿದೆಯೆಂದು ನೋಡದೆ ಕ್ಯಾಲಿಪರ್ ಬಿಗಿದರೆ ಉಬ್ಬು ಪಿಸ್ಟನ್ನಿನ ಏಣಿನ ಮೇಲೆ ನಿಂತು ಪ್ಯಾಡ್ ಓರೆಯಾಗಿ ಕೂರುತ್ತದೆ, ಮೊದಲ ದಿನದಿಂದಲೇ ಓರೆಯಾಗಿ ಸವೆಯುತ್ತದೆ. ಹಳೆಯ ಪ್ಯಾಡಿನ ಬೆನ್ನನ್ನು ಬೆಳಕಿಗೆ ಹಿಡಿಯಿರಿ. ಉಬ್ಬಿನ ತಲೆ ಚಪ್ಪಟೆಯಾಗಿ ಹೊಳೆಯುತ್ತಿದ್ದರೆ ಆಗಿರುವುದು ಇದೇ. ಹಾಗಿದ್ದಲ್ಲಿ ಕ್ಯಾಲಿಪರಿಗೆ ಏನೂ ಆಗಿಲ್ಲ. ಹೊಸ ಪ್ಯಾಡನ್ನು ಸರಿಯಾಗಿ ಕೂರಿಸಿದರೆ ಸಾಕು.

ಪ್ರಶ್ನೆ: ಹಿಂದಿನ ಎಡಚಕ್ರದ ಎರಡೂ ಪ್ಯಾಡ್‌ಗಳು ಸಮವಾಗಿಯೇ ಸವೆದು ಮುಗಿದಿವೆ, ಬಲಚಕ್ರದ ಎರಡೂ ಅರ್ಧಕ್ಕಿಂತ ಹೆಚ್ಚು ಉಳಿದಿವೆ. ದೂರ ಓಡಿಸಿದ ಮೇಲೆ ಎಡಚಕ್ರ ವಿಪರೀತ ಬಿಸಿಯಾಗುತ್ತದೆ. ಪಿನ್‌ಗಳು ಸಲೀಸಾಗಿವೆ, ಕೇಬಲ್ ಹೊಸದು. ಇನ್ನೇನು ನೋಡಬೇಕು?

ಉತ್ತರ: ಎರಡೂ ಪ್ಯಾಡ್ ಸಮವಾಗಿ ಸವೆದಿರುವುದು ಮುಖ್ಯವಾದ ಸುಳಿವು. ಕ್ಯಾಲಿಪರ್ ಚೆನ್ನಾಗಿ ಜಾರುತ್ತಿದೆ, ಆದರೆ ಅದರೊಳಗೆ ಒತ್ತಡ ಉಳಿದಿದೆ. ನನ್ನ ಅನುಮಾನ ರಬ್ಬರ್ ಹೋಸಿನ ಮೇಲೆ. ಹಳತಾದ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಸೀಳಿ ಅಥವಾ ಊದಿಕೊಂಡು ಏಕಮುಖ ಕವಾಟದಂತೆ ವರ್ತಿಸುವುದುಂಟು. ಪೆಡಲ್ ತುಳಿದಾಗಿನ ದೊಡ್ಡ ಒತ್ತಡ ಹೇಗೋ ನುಗ್ಗಿ ಮುಂದೆ ಹೋಗುತ್ತದೆ. ಬಿಟ್ಟಾಗ ಹಿಂದಕ್ಕೆ ನೂಕುವಷ್ಟು ಬಲ ಇಲ್ಲದಿರುವುದರಿಂದ ಆಯಿಲ್ ಅಲ್ಲೇ ಉಳಿಯುತ್ತದೆ. ಹೋಸನ್ನು ಹಿಡಿದಿರುವ ಲೋಹದ ಕ್ಲಾಂಪಿನೊಳಗೆ ತುಕ್ಕು ಬೆಳೆದು ಹೋಸನ್ನು ಹಿಂಡುವುದೂ ಉಂಟು.

ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ಚಕ್ರ ಬಿಗಿಯಾಗಿರುವಾಗ ಮೊದಲು ಹೋಸಿನ ಮೇಲ್ತುದಿ, ಅಂದರೆ ಅದು ಲೋಹದ ಪೈಪಿಗೆ ಸೇರುವ ಜಾಗವನ್ನು ಸಡಿಲಿಸಿ. ಅಲ್ಲಿ ಬಿಟ್ಟರೂ ಚಕ್ರ ಬಿಗಿಯಾಗಿಯೇ ಇದ್ದು, ಕೆಳಗೆ ಬ್ಲೀಡರ್ ತೆರೆದ ಕೂಡಲೇ ಹಗುರಾದರೆ ತಡೆ ಇರುವುದು ಹೋಸಿನಲ್ಲೇ. ಮೇಲ್ತುದಿ ಸಡಿಲಿಸಿದಾಗಲೇ ಹಗುರಾದರೆ ಕಾರಣ ಇನ್ನೂ ಮೇಲಕ್ಕೆ, ಎಬಿಎಸ್ ಘಟಕದಲ್ಲೋ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಮಾಸ್ಟರ್ ಸಿಲಿಂಡರಿನಲ್ಲೋ (ಪೆಡಲಿನ ಬಲವನ್ನು ಆಯಿಲಿನ ಒತ್ತಡವಾಗಿಸುವ ಭಾಗ) ಇದೆ. ಆದರೆ ಮಾಸ್ಟರ್ ಸಿಲಿಂಡರಿನ ದೋಷ ಸಾಮಾನ್ಯವಾಗಿ ಒಂದೇ ಚಕ್ರಕ್ಕೆ ಸೀಮಿತವಾಗಿರುವುದಿಲ್ಲ. ಎರಡು ಕಡೆಯೂ ತೆರೆದ ಮೇಲೂ ಬಿಡದಿದ್ದರೆ ಪಿಸ್ಟನ್ನೇ ಕಚ್ಚಿಕೊಂಡಿದೆ. ಹೋಸ್ ಬದಲಿಸುವುದಾದರೆ ಎರಡೂ ಬದಿಯದನ್ನು ಬದಲಿಸಿ, ಏಕೆಂದರೆ ವಯಸ್ಸು ಎರಡಕ್ಕೂ ಒಂದೇ. ಆಯಿಲನ್ನೂ ಆಗಲೇ ಪೂರ್ತಿ ಬದಲಿಸಿ ಗಾಳಿ ತೆಗೆಸಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ: ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಬಿಡದ ಬ್ರೇಕಿನ ಬಿಸಿ ಆ ಹಳೆಯ ಆಯಿಲನ್ನು ಕುದಿಸಿದರೆ ಪೆಡಲ್ ನೆಲಕ್ಕೆ ಕುಸಿಯುತ್ತದೆ. ಆದ್ದರಿಂದ ಚಕ್ರ ಅಷ್ಟು ಬಿಸಿಯಾಗುತ್ತಿರುವಾಗ ದುರಸ್ತಿಗೆ ಮುನ್ನ ದೂರದ ಪ್ರಯಾಣ ಮಾಡಬೇಡಿ, ಇಳಿಜಾರಿನ ರಸ್ತೆಯಲ್ಲಂತೂ ಖಂಡಿತ ಬೇಡ.

ಪ್ರಶ್ನೆ: ಒಳಗಿನದಲ್ಲ, ಹೊರಗಿನ ಪ್ಯಾಡ್ ಹೆಚ್ಚು ಸವೆದಿದ್ದರೆ?

ಉತ್ತರ: ಪಿಸ್ಟನ್ ತನ್ನ ಪಾಲಿನಷ್ಟು ಹಿಂದೆ ಸರಿದಿದೆ, ಕ್ಯಾಲಿಪರ್ ಮಾತ್ರ ಹೊರಕ್ಕೆ ಮರಳಿಲ್ಲ. ಗೈಡ್ ಪಿನ್‌ಗಳನ್ನೂ ಹೊರಗಿನ ಪ್ಯಾಡಿನ ಕಿವಿಗಳನ್ನೂ ನೋಡಿ. ಪಿನ್ ಹಿಡಿದುಕೊಂಡರೆ ಒಳಗಿನ ಪ್ಯಾಡೂ ಸವೆಯಬಹುದು, ಹೊರಗಿನದೂ ಸವೆಯಬಹುದು ಎಂಬುದು ಕೆಲವರಿಗೆ ಗೊಂದಲ ತರುತ್ತದೆ. ಕ್ಯಾಲಿಪರ್ ಒಳಕ್ಕೆ ಜಾರಲಾರದೆ ನಿಂತಿದ್ದರೆ ಕೆಲಸವೆಲ್ಲ ಒಳಗಿನ ಪ್ಯಾಡಿಗೆ ಬೀಳುತ್ತದೆ. ಒಳಕ್ಕೆ ಜಾರಿದ ಮೇಲೆ ಮರಳಲಾರದೆ ನಿಂತಿದ್ದರೆ ಹೊರಗಿನದು ಉಜ್ಜುತ್ತಲೇ ಇರುತ್ತದೆ.

ಪ್ರಶ್ನೆ: ಮುಂದಿನ ಪ್ಯಾಡ್‌ಗಳಿಗಿಂತ ಹಿಂದಿನವು ಮೊದಲು ಮುಗಿದವು. ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೆಂದು ಕೇಳಿದ್ದೆ. ಇದೂ ದೋಷವೇ?

ಉತ್ತರ: ನಾಲ್ಕೂ ಹಿಂದಿನ ಪ್ಯಾಡ್‌ಗಳು ಸಮವಾಗಿ ಸವೆದಿದ್ದು, ಯಾವ ಚಕ್ರವೂ ಬಿಸಿಯಾಗದಿದ್ದರೆ ದೋಷವೆನ್ನಲಾಗದು. ಬ್ರೇಕ್ ತುಳಿದಾಗ ಭಾರ ಮುಂದಕ್ಕೆ ವಾಲುವುದರಿಂದ ಬಲವಾದ ಬ್ರೇಕಿನಲ್ಲಿ ಮುಂದಿನ ಚಕ್ರಗಳ ಪಾಲೇ ದೊಡ್ಡದು. ಆದರೆ ಹಿಂದಿನ ಪ್ಯಾಡ್‌ಗಳು ಹೊಸದಾಗಿದ್ದಾಗಲೇ ಚಿಕ್ಕವು, ಹೆಚ್ಚಾಗಿ ತೆಳುವೂ ಹೌದು. ಜೊತೆಗೆ ಈಗಿನ ಕಾರುಗಳಲ್ಲಿ ಬ್ರೇಕಿನ ಬಲವನ್ನು ಹಿಂದೆ ಮುಂದೆ ಹಂಚುವ ಎಲೆಕ್ಟ್ರಾನಿಕ್ ವ್ಯವಸ್ಥೆಯಿದ್ದು, ಮೆಲ್ಲಗೆ ತುಳಿದಾಗ ಹಿಂದಿನವುಗಳಿಗೂ ಸಾಕಷ್ಟು ಕೆಲಸ ಕೊಡಬಲ್ಲದು. ಕಾರು ಜಾರದಂತೆ ತಡೆಯುವ ವ್ಯವಸ್ಥೆಯೂ, ಮುಂದಿನ ವಾಹನವನ್ನು ನೋಡಿಕೊಂಡು ತಾನೇ ವೇಗ ಇಳಿಸುವ ಕ್ರೂಸ್ ಕಂಟ್ರೋಲೂ ನೀವು ಪೆಡಲ್ ಮುಟ್ಟದಿರುವಾಗಲೂ ಬ್ರೇಕ್ ಹಾಕುತ್ತವೆ. ಹ್ಯಾಂಡ್ ಬ್ರೇಕನ್ನು ಪೂರ್ತಿ ಇಳಿಸದೆ ಒಂದು ಕಚ್ಚಿನಲ್ಲೇ ಓಡಿಸುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಮಾತ್ರ ವಿಚಾರಿಸಿ. ಅಂಥಲ್ಲಿ ಸವೆತ ಎಡಬಲ ಎರಡರಲ್ಲೂ ಸಮವಾಗಿದ್ದು ಮೋಸಗೊಳಿಸುತ್ತದೆ.

ಪ್ರಶ್ನೆ: ಹೆಚ್ಚು ಸವೆದ ಒಳಗಿನ ಪ್ಯಾಡನ್ನು ಹೊರಗೂ ಹೊರಗಿನದನ್ನು ಒಳಗೂ ಅದಲು ಬದಲು ಮಾಡಿದರೆ ಎರಡೂ ಸಮವಾಗುವುದಿಲ್ಲವೇ?

ಉತ್ತರ: ಮಾಡಬೇಡಿ. ಅನೇಕ ಕಾರುಗಳಲ್ಲಿ ಎರಡರ ಆಕಾರವೇ ಬೇರೆ. ಒಳಗಿನದಕ್ಕೆ ಮೇಲೆ ಹೇಳಿದ ಉಬ್ಬೋ, ಸವೆತ ತಿಳಿಸುವ ಕೀರಲು ಪಟ್ಟಿಯೋ ಇರುತ್ತದೆ. ಆಕಾರ ಒಂದೇ ಇದ್ದರೂ ಪ್ರತಿ ಪ್ಯಾಡ್ ತಾನು ಉಜ್ಜಿದ ಮುಖದ ಗೀರುಗಳಿಗೆ ಹೊಂದಿಕೊಂಡಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೀಗೆ ಮಾಡಿದರೆ ದೋಷದ ಗುರುತು ಅಳಿದು ದೋಷ ಉಳಿಯುತ್ತದೆ. ಒಳ ಹೊರಗಿನ ವ್ಯತ್ಯಾಸ 2 ಮಿ.ಮೀ. ದಾಟಿದ್ದರೆ ಕಾರಣ ಹುಡುಕಿ. ಯಾವುದೇ ಪ್ಯಾಡ್ 3 ಮಿ.ಮೀ.ಗೆ ಇಳಿದಿದ್ದರೆ ನಾಲ್ಕನ್ನೂ ಬದಲಿಸಿ.

ಪ್ರಶ್ನೆ: ನಮ್ಮ ಕಾರಿಗೆ ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದೆ. ಪ್ಯಾಡ್ ಬದಲಿಸುವಾಗ ಪಿಸ್ಟನ್ನನ್ನು ಸಿ-ಕ್ಲಾಂಪಿನಿಂದ ಒತ್ತಿ ಹಿಂದಕ್ಕೆ ಕಳಿಸಿದರು. ಅಂದಿನಿಂದ ಒಂದು ಚಕ್ರ ಬಿಗಿಯಾಗಿದೆ. ಸಂಬಂಧವಿರಬಹುದೇ?

ಉತ್ತರ: ಇರಬಹುದು. ಈ ಬಗೆಯ ಕ್ಯಾಲಿಪರುಗಳಲ್ಲಿ ಅನೇಕಕ್ಕೆ ಬೆನ್ನಿನ ಮೇಲೊಂದು ಚಿಕ್ಕ ಮೋಟಾರ್ ಇರುತ್ತದೆ. ಅದು ಪಿಸ್ಟನ್ನಿನೊಳಗಿನ ಸ್ಕ್ರೂವನ್ನು ತಿರುಗಿಸಿ ಪ್ಯಾಡನ್ನು ಒತ್ತುತ್ತದೆ. ಕೆಲಸಕ್ಕೆ ಮುನ್ನ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಿಂದಲೋ ಕಾರಿನ ಕೈಪಿಡಿಯಲ್ಲಿ ಹೇಳಿದ ಕ್ರಮದಿಂದಲೋ ಸರ್ವಿಸ್ ಸ್ಥಿತಿಗೆ ತಂದು, ಮೋಟಾರ್ ಆ ಸ್ಕ್ರೂವನ್ನು ಪೂರ್ತಿ ಹಿಂದಕ್ಕೆ ಎಳೆದುಕೊಂಡ ಮೇಲಷ್ಟೇ ಪಿಸ್ಟನ್ನನ್ನು ಒತ್ತಬೇಕು. ಸ್ಕ್ರೂ ಮುಂದೆ ನಿಂತಿರುವಾಗಲೇ ಬಲವಂತವಾಗಿ ಒತ್ತಿದರೆ ಒಳಗಿನ ಎಳೆಗಳಿಗೋ ಮೋಟಾರಿನ ಹಲ್ಲುಗಳಿಗೋ ಪೆಟ್ಟಾಗುತ್ತದೆ. ಕೇಬಲಿನ ಹ್ಯಾಂಡ್ ಬ್ರೇಕ್ ಇರುವ, ತಿರುಗಿಸಿ ಕಳಿಸಬೇಕಾದ ಪಿಸ್ಟನ್ನಿಗೂ ಇದೇ ಎಚ್ಚರ ಬೇಕು. ಒತ್ತಿದರೆ ಸವೆತಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಅದರೊಳಗಿನ ಏರ್ಪಾಡು ಮುರಿಯುತ್ತದೆ. ಮೊದಲು ಸ್ಕ್ಯಾನರ್ ಜೋಡಿಸಿ, ಎರಡೂ ಬದಿಯ ಮೋಟಾರುಗಳನ್ನು ಒಮ್ಮೆ ಪೂರ್ತಿ ಹಿಂದಕ್ಕೂ ಒಮ್ಮೆ ಮುಂದಕ್ಕೂ ಓಡಿಸಿ, ಹೊಸ ಪ್ಯಾಡಿನ ದಪ್ಪಕ್ಕೆ ಹೊಂದಿಸಿ ನೋಡಲು ಹೇಳಿ. ಕೆಲವೊಮ್ಮೆ ಅಷ್ಟರಿಂದಲೇ ಸರಿಹೋಗುತ್ತದೆ. ಆ ಮೇಲೂ ಚಕ್ರ ಬಿಗಿಯಾಗಿಯೇ ಇದ್ದರೆ ಕ್ಯಾಲಿಪರನ್ನು ಬಿಚ್ಚಿ ಒಳಗಿನ ಸ್ಕ್ರೂವನ್ನು ಪರೀಕ್ಷಿಸಬೇಕಾಗುತ್ತದೆ. ಅಲ್ಲಿಯವರೆಗೆ ಆ ಚಕ್ರದ ಬಿಸಿಯನ್ನು ಪ್ರತಿ ಸಲ ಓಡಿಸಿದ ಮೇಲೆ ಗಮನಿಸುತ್ತಿರಿ.